ಬೈಸಿಕೊಂಡ ಕಾಫಿ

ನಮ್ಮ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಸುಮ್ಮನಿರುವ ಪೈಕಿಯಲ್ಲ. 'ಆಹಾ, ಎಂಥ ಚಂದದ ಹೆಸರು, ಅಲ್ಲಿನ ಕಾಫಿಯೂ ಹಾಗೇ ಇರಬೇಕು' ಎಂದುಬಿಡುತ್ತೀರಿ. ಅಷ್ಟಾದರೆ ಸಾಕು, ಗುಡ್ಡದ ಮೇಲಿರುವ ಬೆಳೆಯೆಲ್ಲ ಸಪ್ಪೆ. ಭೂಪಟದಲ್ಲೂ ಹುಡುಕಬೇಡಿ. ನಕ್ಷೆ ಬರೆಯಲು ಬಂದವನಿಗೆ ನಮ್ಮ ಹಿರಿಯರು ಸುಟ್ಟ ಜೋಳದ ತೆನೆ ಕೊಟ್ಟು, ಪಕ್ಕದ ಕಣಿವೆ ತೋರಿಸಿ ಸಾಗಹಾಕಿದರಂತೆ. ಆಫ್ರಿಕಾದ ನಡುವಿನಲ್ಲಿ ನಮ್ಮದು ಅಂಗೈಯಗಲದ ದೇಶ. ಆ ಅಂಗೈ ಮೇಲೆ ಎಲ್ಲೋ ಒಂದು ಮಚ್ಚೆಯಷ್ಟು ನಮ್ಮ ಊರು. ಇಷ್ಟು ಗೊತ್ತಾದರೆ ಸಾಕು.

ನನ್ನ ಹೆಸರು ದೊನಾತಾ. ಹೊಳೆಯ ಪಕ್ಕ ಇರುವ ಕಾಫಿ ತೊಳೆಯುವ ಕಟ್ಟೆಯಲ್ಲಿ ಒಣಗಿಸುವ ಮೇಜುಗಳ ಯಜಮಾನಿ. ಹಣ್ಣಿನ ಸಿಪ್ಪೆ ಬಿಡಿಸಿ, ತೊಟ್ಟಿಯಲ್ಲಿ ನೆನೆಸಿ ತೊಳೆದ ಬೀಜವನ್ನು ಬಲೆ ಹೊದಿಸಿದ ಉದ್ದನೆಯ ಮೇಜುಗಳ ಮೇಲೆ ಹರಡುತ್ತೇವೆ. ಎರಡೂ ಬದಿಗೆ ಹೆಂಗಸರು ನಿಂತು ಒಡೆದದ್ದು, ಹುಳುಕಾದದ್ದು, ಕಪ್ಪಿಟ್ಟದ್ದನ್ನು ಹೆಕ್ಕಿ ಎಸೆಯುತ್ತಾರೆ. ಉಳಿದದ್ದನ್ನು ಬೈಯುತ್ತಾರೆ. "ಏ ದರಿದ್ರದವೇ, ಬಿಸಿಲು ಪುಕ್ಕಟೆ ಸಿಗುತ್ತೆ ಅಂತ ಹೀಗೆ ಮೈ ಚಾಚ್ಕೊಂಡು ಬಿದ್ದಿದ್ದೀರಲ್ಲ, ಎದ್ದು ಹೊರಳೋಕೂ ನಾನೇ ಕೈ ಹಾಕ್ಬೇಕಾ?" ಬೆಳಿಗ್ಗೆಯಿಂದ ಸಂಜೆವರೆಗೆ ಇದೇ. ಬೈದರೆ ಕಾಫಿಗೆ ಏನೂ ಆಗುವುದಿಲ್ಲ. ಆದರೆ ಬೈಗುಳ ತುಂಬಿದ ಬಾಯಲ್ಲಿ ಹೊಗಳಿಕೆಗೆ ಜಾಗವಿರುವುದಿಲ್ಲ. ಅದಕ್ಕೇ ಬೈಯುವುದು.

ಕಾಫಿ ಗಿಡ ನಮ್ಮಲ್ಲಿ ಪ್ರತಿ ಮನೆಯ ಹಿತ್ತಲಲ್ಲೂ ಇದೆ. ಹಾಗಾಗಿ ನಮ್ಮೂರಿನವರು ಬಯಲಿನಲ್ಲಿ ನಿಂತು ಯಾವುದನ್ನೂ ಹೊಗಳುವುದಿಲ್ಲ. ಮದುಮಗಳನ್ನಾಗಲಿ, ನೆರೆಮನೆಯ ಹುರುಳಿಕಾಯಿ ಸಾರನ್ನಾಗಲಿ, ಹೊಸ ಕೂಸನ್ನಾಗಲಿ ಮೆಚ್ಚಿ ಆಡಿದ ಮಾತನ್ನು ಬೇಲಿಯಾಚೆಯ ಗಿಡ ತನ್ನ ಬಗ್ಗೆಯೇ ಎಂದು ತಿಳಿದುಬಿಡಬಹುದು. ನನ್ನ ಗಂಡ ನನ್ನನ್ನು ಕೇಳಲು ಬಂದಾಗ ಹೇಳಿದ್ದು, "ನಿನ್ ನಡಿಗೆ ನೋಡಿದ್ರೆ ಕುಂಟು ಮೇಕೆ ನೆನಪಾಗುತ್ತೆ, ದೊನಾತಾ." ನಾನು ನಾಚಿ ನೀರಾಗಿ ಕೊಡವನ್ನು ಹೊಳೆಯಲ್ಲೇ ಬಿಟ್ಟು ಬಂದಿದ್ದೆ. ಚರ್ಚಿನಲ್ಲಿ ದೇವರ ಹಾಡು ಹೇಳುವಾಗ ಕಿಟಕಿ ಬಾಗಿಲು ಭದ್ರ. ಸೆಖೆಗೆ ಅರ್ಧ ಜನ ಬೆವತು ಹೋಗುತ್ತಾರೆ, ದೇವರು ಅದನ್ನೂ ಒಪ್ಪಿಕೊಳ್ಳುತ್ತಾನೆ. ಸತ್ತವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕಾದರೆ ಸೇತುವೆ ದಾಟಿ ಆಚೆ ದಡಕ್ಕೆ ಹೋಗಬೇಕು. ನನ್ನ ತಾಯಿ ತೀರಿಕೊಂಡಾಗ ಇಡೀ ಊರು ಆಚೆ ದಡದಲ್ಲಿ ಕುಳಿತು ಅವಳು ಎಂಥ ಹೆಣ್ಣುಮಗಳಾಗಿದ್ದಳು ಎಂದು ಹೇಳಿತು. ಅವಳು ಅದರಲ್ಲಿ ಒಂದು ಮಾತನ್ನೂ ಕೇಳದೆ ಹೋದಳಲ್ಲ ಎಂದು ನನಗೆ ಸಂಕಟವಾಯಿತು. ಆದರೂ ಈಚೆ ದಡಕ್ಕೆ ಬಂದವಳೇ ಕಣ್ಣೊರೆಸಿಕೊಂಡು, ಹಿತ್ತಲಿನ ಗಿಡಗಳಿಗೆ ಸೋಮಾರಿಗಳಾ ಎಂದೆ.

ಕಾಫಿಗೆ ತನ್ನನ್ನು ಹೊಗಳುತ್ತಿದ್ದಾರೆಂದು ಗೊತ್ತಾಗಬಾರದು, ಅಷ್ಟೇ ವಿಷಯ. ಎದುರಿಗೆ ಹೊಗಳಿದರೆ ಗೊತ್ತಾಗುತ್ತದೆ. ಹೆಸರು ಹಿಡಿದು ಹೊಗಳಿದರೆ ಎಲ್ಲಿದ್ದರೂ ಗೊತ್ತಾಗುತ್ತದೆ. ಒಂದು ಸಲ ರಾಜಧಾನಿಯಿಂದ ಯಾರೋ ದೊಡ್ಡ ಅಧಿಕಾರಿ ಬಂದು, ನಾವು ಬೇಡ ಬೇಡ ಎಂದರೂ ಕೇಳದೆ, ಕಟ್ಟೆಯ ಮೇಲೆ ನಿಂತು ನಮ್ಮ ಗುಡ್ಡದ ಕಾಫಿ ದೇಶದ ಹೆಮ್ಮೆ ಎಂದು ಭಾಷಣ ಬಿಗಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ವರ್ಷದ ಬೆಳೆಯೆಲ್ಲ ಗೋಣಿಚೀಲ ಬೇಯಿಸಿದ ನೀರಾಯಿತು. ಅವನಿಗೆ ಹಾಕಿದ ಹೂವಿನ ಹಾರವನ್ನು ಹಿಂದಕ್ಕೆ ಕೇಳಬೇಕಿತ್ತು ಎಂದು ಅಗಾತಜ್ಜಿ ಈಗಲೂ ಹೇಳುತ್ತಾಳೆ. ಅಗಾತಜ್ಜಿ ನಮ್ಮ ಮೇಜುಗಳಲ್ಲೆಲ್ಲ ಹಿರಿಯಳು. ಹಲ್ಲಿಲ್ಲದ ಬಾಯಿಂದ ಅವಳು ಬೈದರೆ ಬೀಜಗಳ ಮೇಲೆ ಎಂಜಲಿನ ಸಿಂಚನವೂ ಆಗುತ್ತದೆ.

ಹೊರಗಿನ ವ್ಯಾಪಾರಿಗಳು ಬರುತ್ತಿದ್ದರು, ಬರಲಿಲ್ಲವೆಂದಲ್ಲ. ಮೊದಲ ಚಮಚ ಹೀರಿ ಕಣ್ಣರಳಿಸುವರು. 'ಅದ್ಭುತ' ಎನ್ನುವರು. ಎರಡನೆಯ ಚಮಚಕ್ಕೆ ಮುಖ ಹುಳ್ಳಗೆ ಮಾಡಿಕೊಂಡು, ಮೊದಲಿನ ಬಟ್ಟಲಲ್ಲಿ ನಾವೇನೋ ಮೋಸ ಮಾಡಿದ್ದೇವೆ ಎಂಬಂತೆ ನೋಡಿ ಹೊರಟುಹೋಗುವರು. ಕೊನೆಗೆ ಉಳಿದವನು ರುಗಂಬಾ ಒಬ್ಬನೇ. ಅವನು ನಮ್ಮ ಊರಿನಲ್ಲೇ ಹುಟ್ಟಿದವನು, ನನ್ನ ಜೊತೆ ಹೊಳೆಯಲ್ಲಿ ಕಪ್ಪೆ ಹಿಡಿದವನು. ಈಗ ರಾಜಧಾನಿಯಲ್ಲಿ ದೊಡ್ಡ ಕುಳ. ಅವನು ಬಂದು ಮೂಗು ಮುಚ್ಚಿಕೊಂಡು, "ಇದನ್ನ ಕಾಫಿ ಅಂತಾರೇನ್ರೇ? ಕತ್ತೆಗೂ ಕುಡಿಸ್ಬೇಡಿ" ಎಂದು ಬೈದು, ಇದ್ದದ್ದೆಲ್ಲ ತುಂಬಿಸಿಕೊಂಡು ಹೋಗುತ್ತಿದ್ದ. ಆಮೇಲೆ ಅದು ಚಿನ್ನದ ಬಣ್ಣದ ಡಬ್ಬಿಯಲ್ಲಿ ಅವನದೇ ಹೆಸರಿನಲ್ಲಿ ಹಡಗು ಹತ್ತುತ್ತಿತ್ತು. ದೂರದ ದೇಶದವರು ರುಗಂಬಾ ಕಾಫಿ, ರುಗಂಬಾ ಕಾಫಿ ಎಂದು ಕೊಂಡಾಡುವರು. ಯಾರನ್ನೋ ಹೊಗಳುತ್ತಿದ್ದಾರೆ ಎಂದುಕೊಂಡು ನಮ್ಮ ಕಾಫಿ ಡಬ್ಬಿಯೊಳಗೆ ನೆಮ್ಮದಿಯಾಗಿ ಘಮಘಮಿಸುತ್ತಿತ್ತು. ಹೊಟ್ಟೆ ಉರಿಯುತ್ತಿರಲಿಲ್ಲವೇ? ಉರಿಯುತ್ತಿತ್ತು. ಆದರೆ ಹೆಸರು ಬೇಕೆಂದರೆ ರುಚಿ ಹೋಗುತ್ತದೆ, ರುಚಿ ಬೇಕೆಂದರೆ ಹೆಸರು ಬಿಡಬೇಕು. ಅತ್ತ ದರಿ, ಇತ್ತ ಪುಲಿ.

ಈ ವರ್ಷ ಆ ದರಿಯೂ ಪುಲಿಯೂ ಒಟ್ಟಿಗೆ ಮನೆಬಾಗಿಲಿಗೆ ಬಂದವು. ತೊಳೆಯುವ ಕಟ್ಟೆ ಸರ್ಕಾರದ್ದು, ನಡೆಸುವವರು ನಾವು ಹೆಂಗಸರ ಸಂಘ. ತಮ್ಮ ಗುಡ್ಡದ ಕಾಫಿಯನ್ನು ತಮ್ಮ ಹೆಸರಿನಲ್ಲೇ ಮಾರಲಾರದ ಸಂಘಗಳ ಕೈಯಿಂದ ಕಟ್ಟೆಯನ್ನು ಬಿಡಿಸಿ ವ್ಯಾಪಾರಿಗಳಿಗೆ ಕೊಡುವುದೆಂದು ಹೊಸ ಆಜ್ಞೆ ಬಂತು. ಅದಕ್ಕೆ ಗಡುವು ಈ ಸುಗ್ಗಿ. ನಮ್ಮ ಕಟ್ಟೆಗೆ ಬಾಯಿ ತೆರೆದು ಕಾಯುತ್ತಿದ್ದವನು ಯಾರೆಂದು ಹೇಳಬೇಕಿಲ್ಲ. ರುಗಂಬಾ ಬಂದು, ತೊಟ್ಟಿಗಳನ್ನು ಸುತ್ತಿ ನೋಡಿ, "ಮುಂದಿನ ವರ್ಷ ಏಳು ಗುಡ್ಡದ ಹಣ್ಣೂ ಇಲ್ಲಿಗೇ ತರಿಸ್ತೀನಿ. ಎಲ್ಲಾ ಒಂದೇ ತೊಟ್ಟಿ. ನಿಮಗೂ ಕೂಲಿ ಸಿಗುತ್ತೆ, ಹೆದರ್ಬೇಡಿ" ಎಂದ. ಎಲ್ಲಾ ಒಂದೇ ತೊಟ್ಟಿ ಎಂದರೆ ನಮ್ಮ ಕಾಫಿ ಎಂಬುದೇ ಇನ್ನಿಲ್ಲ ಎಂದರ್ಥ. ಆ ತೊಟ್ಟಿಗೆ ಹೊಳೆಯಿಂದ ಕಲ್ಲು ಹೊತ್ತವರಲ್ಲಿ ನನ್ನ ತಾಯಿ ಒಬ್ಬಳು. ನನ್ನನ್ನು ಬೆನ್ನಿಗೆ ಕಟ್ಟಿಕೊಂಡೇ ಹೊತ್ತಳಂತೆ. ನನ್ನ ಕೈಯಲ್ಲಿ ತೊಟ್ಟಿಯ ಬೀಜ ಜಾಲಿಸುವ ಉದ್ದನೆಯ ಹಲಗೆ ಇತ್ತು. ಅದನ್ನು ಅವನ ಬೆನ್ನ ಮೇಲೆ ಬಾರಿಸದೆ ಉಳಿದದ್ದು ನನ್ನ ಒಳ್ಳೆಯತನವಲ್ಲ, ಹಲಗೆ ಒದ್ದೆಯಾಗಿ ಜಾರುತ್ತಿತ್ತು.

ಆಗ ಉವೇರಾ ಒಂದು ದಾರಿ ಹುಡುಕಿದಳು. ಅವಳು ನನ್ನ ತಂಗಿಯ ಮಗಳು, ರಾಜಧಾನಿಯಲ್ಲಿ ಓದಿ ಬಂದು ಸಂಘದ ವ್ಯವಹಾರ ನೋಡಿಕೊಳ್ಳುವವಳು. ಉತ್ತರದ ಯಾವುದೋ ಹಿಮದ ದೇಶದಿಂದ ಸೊಲ್ವೆಗ್ ಎಂಬ ಹೆಂಗಸನ್ನು ಕರೆತಂದಳು. ಸೊಲ್ವೆಗ್‌ಗೆ ಅಲ್ಲಿ ಕಾಫಿ ಹುರಿಯುವ ಅಂಗಡಿಗಳಿವೆ. ದಾರಿಯುದ್ದಕ್ಕೂ ಉವೇರಾ ಅವಳಿಗೆ ಏನು ಕುಡಿದರೂ ತುಟಿ ಬಿಚ್ಚಬಾರದು ಎಂದು ಹೇಳಿಕೊಟ್ಟಿದ್ದಳಂತೆ. ಅದರ ಅಗತ್ಯವೇ ಇರಲಿಲ್ಲ. ಅವರ ದೇಶದಲ್ಲಿ ಮಾತೆಂದರೆ ಚಳಿಗಾಲಕ್ಕೆ ಕೂಡಿಟ್ಟ ಸೌದೆಯಂತೆ, ಬೇಕಾದಷ್ಟೇ ತೆಗೆಯುತ್ತಾರೆ. ಅವಳು ಕುಡಿದಳು. ಬಟ್ಟಲನ್ನು ಕೆಳಗಿಟ್ಟಳು. ಹೊಳೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಟ್ಟಲನ್ನು ನನ್ನ ಕಡೆ ಮತ್ತೆ ಚಾಚಿದಳು. ನಾವು ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇವಳು ನಮ್ಮವಳು ಎಂದು ಅಗಾತಜ್ಜಿ ಅಲ್ಲೇ ತೀರ್ಪು ಕೊಟ್ಟಳು.

ಸೊಲ್ವೆಗ್ ಕೊಳ್ಳಲು ಸಿದ್ಧಳಿದ್ದಳು, ನಮ್ಮ ಹೆಸರಿನಲ್ಲೇ. ಆದರೆ ದೇಶದ ಕಟ್ಟಳೆ ಬೇರೆ ಇತ್ತು. ಗುಡ್ಡದ ಹೆಸರಿನಲ್ಲಿ ಹೊರಗೆ ಮಾರಬೇಕಾದರೆ ಆ ಕಾಫಿ ರಾಜಧಾನಿಯ ವರ್ಷದ ಸ್ಪರ್ಧೆಗೆ ಹೋಗಬೇಕು, ರುಚಿಕಾರರು ಅದನ್ನು ಕುಡಿಯಬೇಕು, ಗೆದ್ದರೆ ಅದರ ಹೆಸರನ್ನು ತುಂಬಿದ ಸಭೆಯಲ್ಲಿ ಸಾರಬೇಕು.

"ಅಂದ್ರೆ ಹೊಗಳೋರ ಬಾಯಿಗೇ ತಗೊಂಡೋಗಿ ಕೊಡ್ಬೇಕು," ಎಂದೆ.

"ಬೇರೆ ದಾರಿ ಇಲ್ಲ ದೊಡ್ಡಮ್ಮ. ಹೋಗ್ದಿದ್ರೂ ಕಟ್ಟೆ ಹೋಗುತ್ತೆ," ಎಂದಳು ಉವೇರಾ. "ಹೋಗಿ ಕಳ್ಕೊಂಡ್ರೆ, ಹೋದ್ವಲ್ಲ ಅಂತಾದ್ರೂ ಇರುತ್ತೆ."

ಆ ಮಾತು ನನಗೆ ಹಿಡಿಸಿತು. ಹಾಗೆಂದು ಹೇಳಲಾಗದೆ, "ನಿನ್ ತಲೇಲಿ ಇರೋದು ಹೊಟ್ಟು" ಎಂದೆ. ಅವಳು ನಕ್ಕಳು.

ನಾನು, ಉವೇರಾ, ಅಗಾತಜ್ಜಿ ಮೂವರೂ ಬಸ್ಸು ಹತ್ತಿದೆವು. ಬೀಜದ ಚೀಲವನ್ನು ನನ್ನ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕುಳಿತ ಯಾರೋ ಪುಣ್ಯಾತ್ಮ ಮೂಸಿ, "ಏನಮ್ಮ, ಏನೋ ಘಮ ಅಂತಿದೆ—" ಎನ್ನುವಷ್ಟರಲ್ಲಿ ಅಗಾತಜ್ಜಿ, "ನನ್ ಕಾಲಿನ ಹುಣ್ಣಿನ ಮುಲಾಮು ಕಣಪ್ಪ" ಎಂದಳು. ಅವನು ಬೇರೆ ಸೀಟು ನೋಡಿಕೊಂಡ.

ಸ್ಪರ್ಧೆಯ ಸಭಾಂಗಣದಲ್ಲಿ ಬಿಳಿ ಬಟ್ಟೆ ಹಾಸಿದ ಮೇಜುಗಳು. ಪ್ರತಿ ಬಟ್ಟಲಿಗೂ ಒಂದು ಅಕ್ಷರ, ಯಾರದೆಂದು ರುಚಿಕಾರರಿಗೆ ಗೊತ್ತಿಲ್ಲ. ಅವರು ಚಮಚದಲ್ಲಿ ಕಾಫಿ ತೆಗೆದು ಊರಿಗೇ ಕೇಳುವಂತೆ ಸೊರ್ರ್ ಎಂದು ಹೀರಿ, ಬಾಯೆಲ್ಲ ಆಡಿಸಿ, ಪಕ್ಕದ ಲೋಟಕ್ಕೆ ಉಗಿಯುತ್ತಿದ್ದರು. ಉಗಿದದ್ದು ನೋಡಿ ನನಗೆ ಅರ್ಧ ಜೀವ ಬಂತು. ಇವರಲ್ಲೂ ಸಂಸ್ಕಾರ ಇದೆ ಎಂದುಕೊಂಡೆ. ಸೊಲ್ವೆಗ್ ಕೊಳ್ಳುವವರ ಸಾಲಿನಲ್ಲಿ ಕುಳಿತಿದ್ದಳು. ಎದುರು ಸಾಲಿನಲ್ಲಿ ಬೂದು ಕೋಟಿನ ರುಗಂಬಾ. ನನ್ನನ್ನು ನೋಡಿ ಹುಬ್ಬು ಹಾರಿಸಿದ. ಕಪ್ಪೆ ತಪ್ಪಿಸಿಕೊಂಡಾಗಲೂ ಹೀಗೇ ಹಾರಿಸುತ್ತಿದ್ದ.

ನಮ್ಮ ಬಟ್ಟಲಿನ ಮುಂದೆ ಉದ್ದ ಕುತ್ತಿಗೆಯ ರುಚಿಕಾರನೊಬ್ಬ ನಿಂತ. ಹೀರಿದ. ಕಣ್ಣು ಮುಚ್ಚಿದ. ಇನ್ನೇನು ಬಂತು, ಆ ಹಾಳು ಮಾತು.

"ಕರಿ ಚಹಾ," ಎಂದ ಅವನು. ಪಕ್ಕದವಳು ಹೀರಿ, "ಹೌದು, ಚಹಾ. ಜೊತೆಗೆ ನಿಂಬೆ ಸಿಪ್ಪೆ" ಎಂದಳು.

ನಮ್ಮೂರಿನವರಿಗೆ ಎದುರು ಗುಡ್ಡದ ಏಣಿನ ಮೇಲೆ ಚಹಾ ಬೆಳೆಯುವವರನ್ನು ಕಂಡರೆ ಆಗದು. ಕಾಫಿಗೆ ಚಹಾ ಎನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮಲ್ಲಿಲ್ಲ. ಅದನ್ನು ನಾನು ಕೂಡ ಬಾಯಿಬಿಟ್ಟು ಆಡಿದವಳಲ್ಲ. ಅಗಾತಜ್ಜಿಗೆ ರಕ್ತ ಕುದಿಯಿತು. ಎದ್ದು ನಿಂತು, "ಏನಂದೆ? ಚಹಾನಾ? ಏ ಕೊಕ್ಕರೆ ಕತ್ತಿನವನೇ, ನಿನ್ ನಾಲಗೆ ಮೇಲೆ ಬೂಷ್ಟು ಬೆಳೆದಿದೆಯೇನೋ! ನಮ್ ಕಾಫಿ ಎಷ್ಟು—"

ಮುಂದಿನ ಪದ ಏನೆಂದು ನನಗೂ ಗೊತ್ತಿತ್ತು, ಆ ಬಟ್ಟಲಿಗೂ ಗೊತ್ತಾಗುತ್ತಿತ್ತು. ನನ್ನ ಕೈಯಲ್ಲಿ ಸುಲಿದ ಬಾಳೆಹಣ್ಣು ಇತ್ತು, ಅದನ್ನು ಅಜ್ಜಿಯ ಬಾಯಿಗೆ ತುರುಕಿದೆ. ಇಷ್ಟು ವರ್ಷ ಬೈದ ಬಾಯಿ, ಕೋಪ ಬಂದಾಗ ನೋಡಿ ಎಲ್ಲಿ ಜಾರಿತು. ಉವೇರಾ ಅಜ್ಜಿಯನ್ನು ಎಳೆದು ಕೂರಿಸಿ ಕಿವಿಯಲ್ಲಿ, "ಸುಮ್ನಿರಿ ಅಜ್ಜಿ. ಇವ್ರ ಭಾಷೇಲಿ ಚಹಾ ಅಂದ್ರೆ ಬೈಗುಳ ಅಲ್ಲ" ಎಂದಳು. ಅಜ್ಜಿ ಬಾಳೆಹಣ್ಣಿನ ಜೊತೆ ಆ ಮಾತನ್ನೂ ನುಂಗಿದಳು. ರುಚಿಕಾರರು ಚಹಾ, ಚಹಾ ಎನ್ನುತ್ತ ಬಟ್ಟಲು ಖಾಲಿ ಮಾಡಿದರು. ಕಾಫಿ ಬೈಸಿಕೊಂಡೆ ಎಂದುಕೊಂಡು ಉಳಿಯಿತು.

ನಾವು ಅಂಗಳದ ನೆರಳಿನಲ್ಲಿ ಕುಳಿತು ಬೇಯಿಸಿದ ಬಾಳೆಕಾಯಿ ಬುತ್ತಿ ಬಿಚ್ಚಿದೆವು. ಆಗ ಸ್ಪರ್ಧೆಯವನೊಬ್ಬ ಓಡಿ ಬಂದ. "ನಿಮ್ಮ ಬಟ್ಟಲು ಮೊದಲನೇದು. ಎಲ್ಲರಿಗಿಂತ ಮೇಲೆ. ವೇದಿಕೆಗೆ ಬಂದು ಗುಡ್ಡದ ಹೆಸರು ಹೇಳಿ, ಸಾರಿಬಿಡ್ತೀವಿ." ಅವನು ನಗುತ್ತಿದ್ದ. ನಮ್ಮ ಮೂವರ ಮುಖ ನೋಡಿ, ಯಾರೋ ಸತ್ತ ಸುದ್ದಿ ಕೊಟ್ಟೆನೇನೋ ಎಂದು ಗಾಬರಿಯಾಗಿ ಹೋದ.

ಅವನ ಹಿಂದೆಯೇ ರುಗಂಬಾ ಬಂದ. ಕೋಟಿನ ತುದಿ ಎತ್ತಿ ನಮ್ಮೆದುರಿನ ಕಲ್ಲಿನ ಮೇಲೆ ಕುಳಿತ.

"ಗೆದ್ದಿದ್ದೀರಿ," ಎಂದ. "ಇನ್ನೇನು, ಹೆಸರು ಹಿಡಿದು ಇದೇ ದೇಶದಲ್ಲಿ ಶ್ರೇಷ್ಠ ಅಂತ ಕೂಗ್ತಾನೆ. ಆ ನಿಮಿಷಕ್ಕೆ ಬಟ್ಟಲೂ ಸಪ್ಪೆ, ಊರಲ್ಲಿರೋ ಚೀಲಾನೂ ಸಪ್ಪೆ. ಕೊಳ್ಳೋರು ಮತ್ತೆ ಕುಡಿದು ನೋಡ್ತಾರೆ, ಅದು ಇಲ್ಲಿನ ಪದ್ಧತಿ. ಆ ಬಿಳಿ ಹೆಂಗಸು ಉಗಿದು ಎದ್ದು ಹೋಗ್ತಾಳೆ."

"ಗೊತ್ತು. ನೀನು ಹೇಳ್ಬೇಕಾ?"

"ನನ್ನ ಹೆಸರು ಹೇಳು ದೊನಾತಾ. ರುಗಂಬಾ ತೋಟದ್ದು ಅನ್ನು. ಹೊಗಳಿಕೆ ನನ್ನ ಮೇಲೆ ಬೀಳುತ್ತೆ. ನಂಗೆ ರೂಢಿ ಇದೆ. ಕಾಫಿ ಉಳಿಯುತ್ತೆ, ನಿಮಗೆ ಕೆಲಸ ಉಳಿಯುತ್ತೆ. ಕಟ್ಟೆ ಹೇಗೂ ನಂದೇ ಆಗೋದು. ಆ ಸಾರೋನಿಗೂ ಒಂದು ಮಾತು ಹೇಳಿಟ್ಟಿದ್ದೀನಿ." ಎದ್ದು ಹೋಗುವಾಗ, "ಹಠ ಮಾಡ್ಬೇಡ. ನಿಮ್ಮಮ್ಮಂದೂ ಇದೇ ಹಠ" ಎಂದ.

ಉವೇರಾ ಅಳತೊಡಗಿದಳು. ಅವಳು ಅಳುವುದನ್ನು ನಾನು ನೋಡಿದ್ದು ಕಡಿಮೆ. "ದೊಡ್ಡಮ್ಮ, ಹೇಳ್ಬಿಡು. ಹೆಸರು ಹೋದ್ರೆ ಹೋಗ್ಲಿ. ಕಾಫಿ ಆದ್ರೂ ಬದುಕ್ಲಿ. ಅಷ್ಟು ಗಿಡ, ಅಷ್ಟು ಜನರ ಕೈ... ನಂದೇ ತಪ್ಪು, ನಿಮ್ಮನ್ನ ಇಲ್ಲಿಗೆ ಕರ್ಕೊಂಡ್ ಬಂದೆ."

ನನ್ನ ಎದೆಯಲ್ಲೂ ಅದೇ ಮಾತು ಒಂದು ಕ್ಷಣ ಬಂದು ಕುಳಿತಿತ್ತು, ಸುಳ್ಳು ಹೇಳುವುದಿಲ್ಲ. ಬೆಳೆ ಉಳಿಯಲಿ ಎಂದು ನಮ್ಮ ಹಿರಿಯರು ಎಷ್ಟೋ ನುಂಗಿಕೊಂಡರು, ಇದೂ ಒಂದು ತುತ್ತು. ಆದರೆ ನುಂಗಿ ನುಂಗಿ ಉಳಿದದ್ದೇನು? ಡಬ್ಬಿಯೊಳಗಿನ ನೆಮ್ಮದಿ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ರುಗಂಬಾನ ಮೇಲೆ, ಅಳುವ ಹುಡುಗಿಯ ಮೇಲೆ, ಒಂದು ಒಳ್ಳೆಯ ಮಾತನ್ನು ತಾಳಿಕೊಳ್ಳಲಾಗದ ಆ ಕಾಫಿಯ ಮೇಲೂ.

"ಏಳೇ," ಎಂದೆ. "ಮೂಗು ಒರೆಸ್ಕೋ. ಅವನ ಹೆಸರು ನನ್ ಬಾಯಲ್ಲಿ ಬರಲ್ಲ. ಸಾಯೋದಾದ್ರೆ ನಮ್ ಕಾಫಿ ನಮ್ ಕಾಫಿಯಾಗಿ ಸಾಯ್ಲಿ."

ಅಗಾತಜ್ಜಿ ಬುತ್ತಿ ಕಟ್ಟುತ್ತ, "ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ. ನಡಿ, ನೋಡೋಣ" ಎಂದಳು.

ವೇದಿಕೆ ಹತ್ತಿದಾಗ ನನ್ನ ಬಳಿ ಯಾವ ಉಪಾಯವೂ ಇರಲಿಲ್ಲ. ಏನು ಹೇಳಬಾರದು ಎಂಬುದು ಮಾತ್ರ ಗೊತ್ತಿತ್ತು. ಮೈಕು ಹಿಡಿದವನು ಟೈ ಕಟ್ಟಿದ ಸಭ್ಯಸ್ಥ. ಅವನ ಪಕ್ಕದ ಮೇಜಿನ ಮೇಲೆ ನಮ್ಮ ಕಾಫಿಯ ಹೂಜಿ, ಹೊಸದಾಗಿ ಬಗ್ಗಿಸಿದ ಬಟ್ಟಲು. ಮುಂದಿನ ಸಾಲಿನಿಂದ ಸೊಲ್ವೆಗ್ ಆಗಲೇ ಚಮಚ ಹಿಡಿದು ಬಂದು ಮೇಜಿನ ಬಳಿ ನಿಂತಿದ್ದಳು. ಬಟ್ಟಲಿನ ಹಬೆ ನನ್ನ ಮೂಗಿಗೆ ಬಡಿಯಿತು. ಆ ವಾಸನೆಯನ್ನು ಹೇಗಿತ್ತೆಂದು ಹೇಳುವುದು ನನಗೆ ಗೊತ್ತಿಲ್ಲ, ಆ ಅಭ್ಯಾಸವೇ ಇಲ್ಲ. ಕಣ್ಣಲ್ಲಿ ನೀರು ಬಂತು ಎಂದಷ್ಟೇ ಹೇಳಬಲ್ಲೆ.

"ಅಮ್ಮಾ, ಬನ್ನಿ," ಎಂದ ಅವನು. "ಇದು ರುಗಂಬಾ ಅವರ ತೋಟದ ಕಾಫಿ ಅಂತ ಕೇಳಿದೆ. ಹೌದಲ್ವಾ?"

"ಯಾವನ್ ಹೇಳಿದ್ದು?" ಎಂದೆ. ಮೈಕಿನಲ್ಲಿ ನನ್ನ ದನಿ ಗೋಡೆಗೆ ಬಡಿದು ನನಗೇ ವಾಪಸು ಬಂತು, ಅದು ನನಗೆ ಹಿಡಿಸಿತು. "ಅವನಿಗೆ ತೋಟ ಎಲ್ಲಿದೆ? ಒಂದು ಗಿಡ ನೆಟ್ಟಿದ್ದಾನಾ ಕೇಳಿ. ಒಂದು ಹಣ್ಣು ಕಿತ್ತಿದ್ದಾನಾ? ಆ ಚಿನ್ನದ ಡಬ್ಬೀಲಿ ಇಷ್ಟು ವರ್ಷ ನೀವು ಚಪ್ಪರಿಸಿದ್ದೆಲ್ಲ ನಮ್ ಕಾಫಿ. ನಾವು ಬೆಳೆದಿದ್ದು, ನಾವು ತೊಳೆದಿದ್ದು, ನಾವು ಬೈದಿದ್ದು. ಅವನು ಹಾಕಿದ್ದು ಮುಚ್ಚಳ ಒಂದೇ!"

ಸಭೆಯಲ್ಲಿ ಗುಲ್ಲೆದ್ದಿತು. ಕೊಳ್ಳುವವರೆಲ್ಲ ರುಗಂಬಾನ ಕಡೆ ತಿರುಗಿದರು. ಅವನ ಮುಖ ಕೆಂಡವಾಯಿತು. ರಾಜಧಾನಿಯ ನಯವೆಲ್ಲ ಕಳಚಿಬಿದ್ದು, ನಮ್ಮೂರಿನ ಹೊಳೆ ದಂಡೆಯ ದನಿ ಅವನ ಗಂಟಲಿನಿಂದ ಹೊರಟಿತು. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತು ಕೂಗಿದ.

"ಕಿತ್ಕೊಳ್ರೋ ಆ ಮೈಕು! ಮಾನ ಮರ್ಯಾದೆ ಇಲ್ದೋಳು! ಬಜಾರಿ! ಬಜಾರಿ ಅವಳು!"

ತುಂಬಿದ ಜನರ ನಡುವೆ ಒಬ್ಬ ಹೆಂಗಸಿಗೆ ಹಾಗೆನ್ನುವುದು ರಾಜಧಾನಿಯಲ್ಲೂ ಸಣ್ಣ ಮಾತಲ್ಲ. ಉವೇರಾ ಮುಖ ಮುಚ್ಚಿಕೊಂಡಳು. ನಾನು ಮಾತ್ರ ಅಲುಗಲಿಲ್ಲ. ಆ ಪದ ನನಗೆ ಬಡಿದು, ಹಾಗೇ ಮುಂದೆ ಹೋಗಿ ಬಟ್ಟಲಿಗೂ ಬಡಿದಂತೆ ಕಂಡಿತು. ಎಂಥ ಬೈಗುಳ ಅದು! ನಮ್ಮೂರಿನ ಮಣ್ಣಲ್ಲಿ ಹುಟ್ಟಿದವನು, ಹೊಟ್ಟೆಯ ಒಳಗಿನಿಂದ ತೆಗೆದು, ಒಂದು ಚೂರೂ ಬೆರಕೆ ಇಲ್ಲದೆ ಬೈದದ್ದು. ಒಣಗಿಸುವ ಮೇಜುಗಳ ಹೆಂಗಸರೆಲ್ಲ ಸೇರಿದರೂ ಅಷ್ಟು ಅಚ್ಚುಕಟ್ಟಾದ ಬೈಗುಳ ಹೊಂದಿಸಲಾರೆವು.

ಆಗ ನನಗೆ ಹೊಳೆಯಿತು. ಹೆಸರೇ ಬೈಗುಳವಾದರೆ? ಹೊಗಳುವವನು ಎಷ್ಟೇ ಹೊಗಳಲಿ, ಆ ಹೆಸರು ಹೇಳಲೇಬೇಕು. ಹೆಸರು ಹೇಳಿದರೆ ಬೈದಂತಾಯಿತು. ಕಾಫಿ ಬೈಸಿಕೊಂಡೆ ಎಂದು ತಿಳಿಯುತ್ತದೆ, ಮಿಕ್ಕ ಮಾತು ಅದರ ಕಿವಿಗೆ ಏರುವುದಿಲ್ಲ.

"ಕೇಳಿಸ್ತಲ್ಲ?" ಎಂದೆ ಮೈಕಿನವನಿಗೆ. "ಅದೇ ಹೆಸರು. ಬರ್ಕೊಳ್ಳಿ."

"ಯಾವುದಮ್ಮ?"

"ಬಜಾರಿ. ನಮ್ ಕಾಫಿ ಹೆಸರು ಬಜಾರಿ."

ಅವನು ಟೈ ಸಡಿಲಿಸಿಕೊಂಡ. "ಅಮ್ಮಾ, ಹೊರದೇಶದವರು ಬಂದಿದ್ದಾರೆ. ಇಂಥ ಹೆಸರು ಚೀಲದ ಮೇಲೆ... ಮರ್ಯಾದೆ ಅಲ್ಲ."

"ಯಾಕಲ್ಲ? ಮನೇಲಿ ಕೂತಿದ್ವಿ, ಆಗ ನಮ್ಗೆ ಹೆಸರೇ ಇರಲಿಲ್ಲ. ಇವತ್ತು ಬಜಾರಿಗೆ ಬಂದಿದ್ದೀವಿ, ನಮ್ ಮಾಲು ನಾವೇ ಮಾರೋಕೆ. ಬಜಾರಿಗೆ ಬಂದು ನಿಂತೋಳನ್ನ ಬಜಾರಿ ಅಂತಾರೆ. ಅವನು ಸರಿಯಾಗೇ ಹೇಳಿದ್ದಾನೆ. ಬೆಳೆಯೋ ಗುಡ್ಡ ನಮ್ದು, ತೊಳೆಯೋ ಕಟ್ಟೆ ನಮ್ದು, ಹೆಸರು ಬಜಾರಿ. ಸಾರಿ."

ಸಭೆಯ ಹಿಂದಿನಿಂದ ಅಗಾತಜ್ಜಿ, "ಸಾರೋ, ಟೈ ಕಟ್ಟಿದ ಗೂಬೆ!" ಎಂದು ಕೂಗಿದಳು. ಯಾರೋ ನಕ್ಕರು. ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ಹಬ್ಬಿತು. ಬೇರೆ ಗುಡ್ಡಗಳಿಂದ ಬಂದಿದ್ದ ಹೆಂಗಸರು ಬಜಾರಿ, ಬಜಾರಿ ಎಂದು ಚಪ್ಪಾಳೆ ಹೊಡೆಯತೊಡಗಿದರು. ರುಗಂಬಾ ಇನ್ನೂ ನಿಂತೇ ಇದ್ದ. ತನ್ನ ಬಾಯಿಂದ ಏನು ಬಿತ್ತು, ಅದನ್ನು ಯಾರು ಎತ್ತಿಕೊಂಡರು ಎಂದು ಅವನಿಗೆ ಆಗಷ್ಟೇ ಅರ್ಥವಾಗುತ್ತಿತ್ತು. ಬಾಯಿ ತೆರೆದ. ಬೈದರೆ ನಮ್ಮ ಹೆಸರು ಇನ್ನೂ ಗಟ್ಟಿಯಾಗುತ್ತದೆ ಎಂದು ಹೊಳೆದು ಮುಚ್ಚಿಕೊಂಡ.

ಮೈಕಿನವನು ಬೇರೆ ದಾರಿ ಕಾಣದೆ ಗಂಟಲು ಸರಿಮಾಡಿಕೊಂಡ. "ಈ ವರ್ಷ, ಇಡೀ ದೇಶದಲ್ಲೇ ಅತ್ಯಂತ ಶ್ರೇಷ್ಠವಾದದ್ದು..." ಎಂದು ನನ್ನ ಕಡೆ ನೋಡಿದ. "ಬಜಾರಿ!"

ಚಪ್ಪಾಳೆ ನಿಲ್ಲುವವರೆಗೂ ಸೊಲ್ವೆಗ್ ಕಾದಳು. ಆಮೇಲೆ ಬಟ್ಟಲಿಗೆ ಚಮಚ ಅದ್ದಿ ಹೀರಿದಳು. ಉವೇರಾ ಯಾವಾಗಲೋ ವೇದಿಕೆ ಹತ್ತಿ ಬಂದು ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದಳು. ಸೊಲ್ವೆಗ್‌ಳ ಮುಖದಲ್ಲಿ ಏನೂ ಕಾಣಲಿಲ್ಲ, ಆ ಹಾಳು ಮುಖದಲ್ಲಿ ಯಾವತ್ತೂ ಏನೂ ಕಾಣುವುದಿಲ್ಲ. ಅವಳು ಚಮಚವನ್ನು ಮೇಜಿನ ಮೇಲಿಟ್ಟಳು. ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಉಗಿಯದೆ, ಕೊನೆಯ ಹನಿಯವರೆಗೂ ಕುಡಿದಳು. ಖಾಲಿ ಬಟ್ಟಲನ್ನು ನನ್ನ ಕಡೆ ಚಾಚಿದಳು.

ನಾನು ಹೂಜಿಯಿಂದ ಅವಳಿಗೆ ಬಗ್ಗಿಸಿದೆ, ನನಗೂ ಒಂದು ಬಟ್ಟಲು ಬಗ್ಗಿಸಿಕೊಂಡೆ. ಸಭೆಯಲ್ಲಿ ಮತ್ತೆ ಕೂಗೆದ್ದಿತು. ಬಜಾರಿ ಚೆನ್ನಾಗಿದ್ದಾಳೆ, ಬಜಾರಿಯಂಥವಳು ಇನ್ನೊಬ್ಬಳಿಲ್ಲ ಎಂದು ಆ ಬೇರೆ ಗುಡ್ಡಗಳ ಹೆಂಗಸರು ಕೂಗುತ್ತಿದ್ದರು. ಕಾಫಿಗೆ ಅನ್ನುತ್ತಿದ್ದಾರೋ ನನಗೆ ಅನ್ನುತ್ತಿದ್ದಾರೋ ತಿಳಿಯಲಿಲ್ಲ. ಹುಟ್ಟಿದಂದಿನಿಂದ ಈಚೆ ದಡದಲ್ಲಿ ಬದುಕಿದವಳು ನಾನು. ನನ್ನ ಬಗ್ಗೆ ಒಂದು ಒಳ್ಳೆಯ ಮಾತು ನನ್ನ ಕಿವಿಯ ಮೇಲೆ ಬಿದ್ದದ್ದು ಅದೇ ಮೊದಲು. ಏನಾಗುತ್ತದೋ ಎಂದು ನಿಂತು ಕಾದೆ. ಬಟ್ಟಲನ್ನು ತುಟಿಗಿಟ್ಟೆ. ಅದೂ ಸಪ್ಪೆಯಾಗಿರಲಿಲ್ಲ, ನಾನೂ ಸಪ್ಪೆಯಾಗಿರಲಿಲ್ಲ.